ಹಂಡೆ ಒಲೆಗೆ ಇಷ್ಟೊಂದು ಸೌದೆ ಯಾಕೆ?

ಪ್ರಶ್ನೆ: ನಮ್ಮದು ಶಿರಸಿ ಕಡೆಯ ಹಳ್ಳಿ, ಹಳೇ ಹಂಚಿನ ಮನೆ. ಬಚ್ಚಲಲ್ಲಿ ಮಣ್ಣಿನ ಒಲೆ, ಅದರ ಮೇಲೆ ಅಜ್ಜನ ಕಾಲದ ತಾಮ್ರದ ಹಂಡೆ. ಸುಮಾರು 60 ಲೀಟರ್ ಹಿಡಿಯುತ್ತದೆ. ಮನೆಯಲ್ಲಿ ಆರು ಜನ. ಒಬ್ಬೊಬ್ಬರ ಸ್ನಾನ ಆದ ಹಾಗೆ ತಣ್ಣೀರು ಸುರಿದು ಮತ್ತೆ ಉರಿ ಹಾಕುತ್ತೇವೆ. ಬೆಳಗಿನ ಮೊದಲ ಹಂಡೆ ಕಾಯಲು ಒಂದು ಗಂಟೆ ಮೇಲಾಗುತ್ತದೆ. ತೂಕ ಮಾಡಿ ನೋಡಿದೆ, ಅದಕ್ಕೇ ಏಳೆಂಟು ಕಿಲೋ ಸೌದೆ ಹೋಗುತ್ತದೆ. ಎರಡು ವರ್ಷದ ಹಿಂದೆ ಸಿಮೆಂಟ್ ಪೈಪಿನ ಚಿಮಣಿ ಹಾಕಿಸಿದೆವು. ಅದಾದ ಮೇಲೆ ಸೌದೆ ಇನ್ನೂ ಜಾಸ್ತಿ ಬೇಕಾಗಿದೆ! ಬಿಸಿಯೆಲ್ಲ ಚಿಮಣಿಯಲ್ಲಿ ಹೋಗುತ್ತದೆ, ಅರ್ಧ ಮುಚ್ಚಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಳೆಗಾಲದಲ್ಲಿ ಹೊಗೆ ಹೇಗಿದ್ದರೂ ಒಳಗೇ. ಅಮ್ಮನಿಗೆ ಕೆಮ್ಮು ಬಿಡುತ್ತಿಲ್ಲ, ಮಗುವಿಗೆ ಎರಡು ವರ್ಷ. ಒಲೆ ದೊಡ್ಡದು ಮಾಡೋಣ ಅಂತ ಮೇಸ್ತ್ರಿ, ಎಲ್ಲ ಕಿತ್ತು ಸೋಲಾರ್ ಹಾಕಿಸು ಅಂತ ಬೆಂಗಳೂರಿನ ತಮ್ಮ. ಅಮ್ಮ ಮಾತ್ರ ಹಂಡೆ ತೆಗೆಯಲು ಒಪ್ಪುವುದಿಲ್ಲ. ಏನು ಮಾಡುವುದು?

ಉತ್ತರ: ಸೌದೆ ತೂಕ ಮಾಡಿ ಬರೆದಿದ್ದೀರಿ, ಅದಕ್ಕೆ ಮೊದಲು ಥ್ಯಾಂಕ್ಸ್. ನನ್ನ ಹತ್ತಿರ ಒಲೆ ವಿಷಯ ಕೇಳುವವರಲ್ಲಿ ಹೆಚ್ಚಿನವರು "ಒಂದು ಹೊರೆ", "ನಾಲ್ಕು ಕುಂಟೆ" (ದಿಮ್ಮಿ) ಅಂತ ಹೇಳುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ನಿಮ್ಮ ಚಿಂತೆ ಎರಡು. ಸೌದೆ ಇಷ್ಟೊಂದು ಯಾಕೆ ಬೇಕು, ಹೊಗೆ ಒಳಗೆ ಯಾಕೆ ಬರುತ್ತದೆ. ಎರಡಕ್ಕೂ ಚಿಮಣಿಯನ್ನೇ ನೋಡುತ್ತಿದ್ದೀರಿ. ನಾನು ಒಲೆಯ ಬಾಯಿ ನೋಡಿ ಅನ್ನುತ್ತೇನೆ. ಫೋಟೊ ಇಲ್ಲದಿದ್ದರೂ ಊಹಿಸಬಲ್ಲೆ: ಒಂದು ಅಡಿ ಅಗಲ, ಅಷ್ಟೇ ಎತ್ತರ, ಇಡೀ ಕುಂಟೆ ಒಳಗೆ ತುರುಕಿ ಹೋಗಬಹುದಾದ ಬಾಯಿ. ಕೆಳಗೆ ಜಾಲರಿ ಇಲ್ಲ, ಬೂದಿಯ ಮೇಲೇ ಬೆಂಕಿ. ಮಲೆನಾಡಿನ ಬಚ್ಚಲುಗಳಲ್ಲಿ ನಾನು ನೋಡಿದ್ದು ಹೆಚ್ಚುಕಡಿಮೆ ಹೀಗೇ.

ಈಗ ಸ್ವಲ್ಪ ಲೆಕ್ಕ. 60 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 10 ಮೆಗಾಜೌಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಮೂರು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 15 ಮೆಗಾಜೌಲ್ ಇರುತ್ತದೆ. ಅಂದರೆ ಏನೂ ಪೋಲಾಗದೆ ಇದ್ದರೆ ಮುಕ್ಕಾಲು ಕಿಲೋ ಸೌದೆಯೊಳಗೇ ನಿಮ್ಮ ಹಂಡೆ ಕಾಯಬೇಕು. ನೀವು ಹಾಕುತ್ತಿರುವುದು ಏಳೆಂಟು ಕಿಲೋ. ನೂರು ರೂಪಾಯಿ ಸೌದೆಯಲ್ಲಿ ಒಂಬತ್ತು ರೂಪಾಯಿ ನೀರಿಗೆ ಸೇರುತ್ತಿದೆ. ಬೇಜಾರು ಮಾಡಿಕೊಳ್ಳಬೇಡಿ, ತೆರೆದ ಒಲೆಗಳೆಲ್ಲ ಹತ್ತರ ಆಸುಪಾಸಿನಲ್ಲೇ ಇರುತ್ತವೆ. ಒಳ್ಳೇ ಒಲೆ ಮೂರರಲ್ಲಿ ಒಂದು ಪಾಲು ನೀರಿಗೆ ಕೊಡುತ್ತದೆ. ಆಗ ಎರಡು ಕಿಲೋ ಸಾಕು. ಮನೆಯ ದಿನನಿತ್ಯದ ಬಳಕೆಯಲ್ಲಿ ಮೂರು ಕಿಲೋ ಅಂತಿಟ್ಟುಕೊಳ್ಳಿ. ಆದರೂ ಈಗಿನ ಅರ್ಧಕ್ಕಿಂತ ಕಡಿಮೆ.

ಉಳಿದ ತೊಂಬತ್ತು ಎಲ್ಲಿ ಹೋಗುತ್ತದೆ?

ಪಕ್ಕದ ಮನೆಯವರು ಕಂಡಿದ್ದು ಸುಳ್ಳಲ್ಲ. ಬಿಸಿ ನಿಜವಾಗಿಯೂ ಚಿಮಣಿಯಲ್ಲೇ ಹೋಗುತ್ತಿದೆ. ಅವರು ಹೇಳಿದ ಮದ್ದು ಮಾತ್ರ ತಪ್ಪು. ಒಂದು ಕಿಲೋ ಸೌದೆ ಪೂರ್ತಿ ಉರಿಯಲು ಸುಮಾರು ಆರು ಕಿಲೋ ಗಾಳಿ ಬೇಕು. ಚಿಮಣಿ ಇಲ್ಲದಾಗ ಒಲೆಗೆ ಎಳೆತ ಇರಲಿಲ್ಲ. ಬೆಂಕಿ ಮಂದವಾಗಿ ಉರಿಯುತ್ತಿತ್ತು, ಹೊಗೆ ಬಚ್ಚಲು ತುಂಬ. ಚಿಮಣಿ ಬಂದ ಮೇಲೆ ಎಳೆತ ಬಂತು. ಆದರೆ ಅಷ್ಟು ದೊಡ್ಡ ಬಾಯಿ ತೆರೆದೇ ಇದೆಯಲ್ಲ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ತಣ್ಣನೆ ಗಾಳಿ ಒಳಗೆ ನುಗ್ಗುತ್ತದೆ. ಅದು ಸೌದೆಯ ಮೇಲಿನಿಂದ ಹಾದು, ಉರಿಯನ್ನು ತಣ್ಣಗೆ ಮಾಡಿ, ತಾನು ಬಿಸಿಯಾಗಿ ಸೀದಾ ಮೇಲೆ ಹೋಗುತ್ತದೆ. ಆ ಗಾಳಿಯನ್ನು ಕಾಯಿಸಿದ್ದು ನಿಮ್ಮ ಸೌದೆಯೇ. ಹಾಗಾಗಿ ಚಿಮಣಿ ಹಾಕಿದ ಮೇಲೆ ಖರ್ಚು ಏರಿತು. ಬಾಯಿಗೆ ಬಾಗಿಲು ಇಡದೆ ಚಿಮಣಿ ಹಾಕಿದರೆ ಆಗುವುದು ಇದೇ.

ಚಿಮಣಿಯನ್ನು ಅರ್ಧ ಮುಚ್ಚಿದರೆ ಏನಾಗುತ್ತದೆ? ಹೊಗೆ ವಾಪಸ್ ಒಳಗೆ. ಅದಕ್ಕಿಂತ ಕೆಟ್ಟದ್ದು ಕಾರ್ಬನ್ ಮೊನಾಕ್ಸೈಡ್. ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಉರಿ ನಿಂತು ಬರೀ ಕೆಂಡ ಇರುವಾಗ ಇದು ಜಾಸ್ತಿ ಹುಟ್ಟುತ್ತದೆ. ಸ್ನಾನಕ್ಕೆ ಹೋಗುವುದು ಸರಿಯಾಗಿ ಆಗಲೇ, ಅದೂ ಚಳಿ ಅಂತ ಬಾಗಿಲು ಹಾಕಿಕೊಂಡು. ತಲೆ ಸುತ್ತು, ವಾಕರಿಕೆ ಬಂದರೆ ಎಣ್ಣೆ ಸ್ನಾನದ ಪಿತ್ತ ಅಂತ ಸುಮ್ಮನಾಗಿಬಿಡುತ್ತಾರೆ. ಮಗು ಇರುವ ಮನೆ ನಿಮ್ಮದು. ಇದೊಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಕೆಂಡ ಇರುವವರೆಗೆ ಚಿಮಣಿಗೆ ಏನನ್ನೂ ಅಡ್ಡ ಇಡಬೇಡಿ.

ಮೇಸ್ತ್ರಿಯವರ ಸಲಹೆಗೂ ಉತ್ತರ ಇಲ್ಲೇ ಸಿಕ್ಕಿತು. ಒಲೆ ದೊಡ್ಡದಾದರೆ ಬಾಯಿಯೂ ದೊಡ್ಡದಾಗುತ್ತದೆ, ಬೆಂಕಿಗೂ ಹಂಡೆಗೂ ದೂರ ಜಾಸ್ತಿ, ಕಾಯಬೇಕಾದ ಮಣ್ಣೂ ಜಾಸ್ತಿ. ಬೇಡ.

ಹೊಗೆ ಅಂದರೆ ಏನು ಅಂತ ಒಂದು ಮಾತು. ಸೌದೆ ಬಿಸಿಯಾದಾಗ ಅದರ ಮುಕ್ಕಾಲು ಪಾಲು ಆವಿಯಾಗಿ, ಅನಿಲವಾಗಿ ಹೊರಗೆ ಬರುತ್ತದೆ. ನಾವು ಉರಿ ಅನ್ನುವುದು ಆ ಅನಿಲ ಹೊತ್ತಿಕೊಂಡಿದ್ದನ್ನು. ಅದು ಹೊತ್ತಿಕೊಳ್ಳಲು ಒಳ್ಳೇ ಶಾಖ ಬೇಕು, ಗಾಳಿ ಜೊತೆ ಬೆರೆಯಬೇಕು, ಸ್ವಲ್ಪ ಸಮಯವೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಅದು ಉರಿಯದೆ ಹೊಗೆಯಾಗಿ ಹೋಗುತ್ತದೆ. ಹೋಗುತ್ತಾ ಹಂಡೆಗೆ ಮಸಿ, ಚಿಮಣಿಗೆ ಡಾಂಬರಿನಂಥ ಕಿಟ್ಟ, ಅಮ್ಮನ ಎದೆಗೆ ಕೆಮ್ಮು. ನೀವು ಕಡಿದು, ಹೊತ್ತು, ಒಣಗಿಸಿದ ಸೌದೆಯೇ ಅದು. ಆದ್ದರಿಂದ ಹೊಗೆ ಕಡಿಮೆ ಮಾಡುವುದು ಒಂದು ಕೆಲಸ, ಸೌದೆ ಉಳಿಸುವುದು ಇನ್ನೊಂದು ಅಂತ ನೋಡಬೇಕಾಗಿಲ್ಲ.

ಹಂಡೆಯ ತಳಕ್ಕೆ ಉರಿ ತಾಗಿದರೆ ಬೇಗ ಕಾಯುತ್ತದೆ ಅಂತ ಸೌದೆಯನ್ನು ತಳಕ್ಕೆ ಮುಟ್ಟುವ ಹಾಗೆ ಒಟ್ಟುವವರು ಇದ್ದಾರೆ. ತಣ್ಣೀರು ತುಂಬಿದ ಹಂಡೆಯ ತಳ ತಣ್ಣಗೇ ಇರುತ್ತದೆ. ಅರ್ಧ ಹುಟ್ಟಿದ ಉರಿ ಅದಕ್ಕೆ ತಾಗಿದರೆ ಅಲ್ಲೇ ನಂದಿ ಮಸಿಯಾಗುತ್ತದೆ. ಜಾಲರಿಯಿಂದ ಹಂಡೆಯ ತಳಕ್ಕೆ ಒಂದು ಗೇಣು ಜಾಗ ಬಿಡಿ. ಉರಿ ಅಲ್ಲಿ ಪೂರ್ತಿಯಾಗಿ ಹುಟ್ಟಿ ಆಮೇಲೆ ತಳ ಮುಟ್ಟಲಿ.

ಇನ್ನೊಂದು ನಂಬಿಕೆ: ಸ್ವಲ್ಪ ಹಸಿ ಇದ್ದ ಸೌದೆ ನಿಧಾನ ಉರಿಯುತ್ತದೆ, ಹಾಗಾಗಿ ಉಳಿತಾಯ. ನಿಧಾನ ಉರಿಯುವುದು ನಿಜ, ಯಾಕೆಂದರೆ ಅದು ಮೊದಲು ತನ್ನ ನೀರನ್ನೇ ಕಾಯಿಸಿ ಆವಿ ಮಾಡುತ್ತಾ ಕೂತಿರುತ್ತದೆ. ಈಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅಂಥ ಒಂದು ಕಿಲೋದಲ್ಲಿ ಕೈಗೆ ಸಿಗುವ ಶಾಖ 8 ಮೆಗಾಜೌಲ್, ಒಣಗಿದ್ದರಲ್ಲಿ 15. ಅಷ್ಟೇ ಅಲ್ಲ, ಬೆಂಕಿ ತಣ್ಣಗಿರುವುದರಿಂದ ಆ ಎಂಟರಲ್ಲೂ ಎಷ್ಟೋ ಭಾಗ ಹೊಗೆಯಾಗಿ ಹೋಗುತ್ತದೆ. ಬೇಸಿಗೆ ಶುರುವಿಗೆ ಕಡಿದು, ಸೀಳಿ, ಮಳೆ ತಾಗದ ಗಾಳಿ ಆಡುವ ಸೌದೆ ಕೊಟ್ಟಿಗೆಯಲ್ಲಿ ಒಟ್ಟಿದರೆ ಮಳೆಗಾಲಕ್ಕೆ ಸುಮಾರಾಗಿ ಒಣಗಿರುತ್ತದೆ. ಸೀಳುವುದು ಮುಖ್ಯ. ಸಿಪ್ಪೆ ಮುಚ್ಚಿದ ದುಂಡು ಕುಂಟೆ ವರ್ಷ ಇಟ್ಟರೂ ಒಳಗೆ ಹಸಿ ಇರುತ್ತದೆ. ಮಳೆಗಾಲದಲ್ಲಿ ನಾಳೆ ಬೇಕಾದ ಸೌದೆಯನ್ನು ಇವತ್ತೇ ಒಲೆಯ ಪಕ್ಕ ತಂದಿಡುವ ಹಳೇ ಪದ್ಧತಿ ಇದೆಯಲ್ಲ, ಅದು ಬಹಳ ಒಳ್ಳೇದು. ಬಾಯಿಗೆ ತೀರಾ ಹತ್ತಿರ ಇಡಬೇಡಿ ಅಷ್ಟೇ.

ತಾಮ್ರದ ಹಂಡೆ ಬೇಗ ಕಾಯುತ್ತದೆ ಅನ್ನುವುದು? ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಬಿಸಿ ಗಾಳಿಯಿಂದ ಲೋಹಕ್ಕೆ ಶಾಖ ದಾಟುವುದೇ ಕಷ್ಟದ ಭಾಗ. ಲೋಹದೊಳಗೆ ದಾಟುವುದು ತಾಮ್ರವಾಗಲಿ, ಅಲ್ಯೂಮಿನಿಯಂ ಆಗಲಿ, ಸ್ಟೀಲ್ ಆಗಲಿ, ದೊಡ್ಡ ವಿಷಯವಲ್ಲ. ತಾಮ್ರದ ಹಂಡೆ ಇದ್ದರೆ ಇಟ್ಟುಕೊಳ್ಳಿ, ಚೆಂದ, ಬಾಳಿಕೆ ಬರುತ್ತದೆ. ಸೌದೆ ಉಳಿಸಲು ಅಂತ ಹೊಸದಾಗಿ ಕೊಳ್ಳಬೇಡಿ. ಹೊರಗಿನ ಮಸಿ ವಿಷಯವೂ ಹಾಗೇ: ತೆಳುವಾದ ಕಪ್ಪು ಇದ್ದರೆ ತೊಂದರೆ ಇಲ್ಲ, ಹುಣಸೆಹಣ್ಣು ಹಾಕಿ ತಳ ಫಳಫಳ ಮಾಡುವ ಶ್ರಮ ಬೇಡ. ಹಕ್ಕಳೆ ಕಟ್ಟಿದ ದಪ್ಪ ಮಸಿ ಮಾತ್ರ ಶಾಖ ತಡೆಯುತ್ತದೆ, ಅದನ್ನು ಆಗಾಗ ಕೆರೆದು ತೆಗೆಯಿರಿ.

ಈಗ ಕೆಲಸಕ್ಕೆ ಬರೋಣ. ನಿಮ್ಮ ಜಾಗದಲ್ಲಿ ನಾನಿದ್ದರೆ ಹಂಡೆಯನ್ನೂ ಚಿಮಣಿಯನ್ನೂ ಹಾಗೇ ಇಟ್ಟು ನಡುವಿನ ಒಲೆಯನ್ನು ಮಾತ್ರ ಹೊಸದಾಗಿ ಕಟ್ಟಿಸುತ್ತಿದ್ದೆ. ಇದೇನೂ ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆಸ್ತ್ರಾ ಅಂತ ಒಂದು ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನವೇ ಅದರ ಕೆಲಸ. ಕುಣಿಗಲ್ ಹತ್ತಿರದ ಉಂಗ್ರದಲ್ಲಿ ಅದಕ್ಕೆ ಕೇಂದ್ರವೂ ಇತ್ತು. ಆಸ್ತ್ರಾ ಒಲೆ ಹುಟ್ಟಿದ್ದು ಅಲ್ಲಿಂದ. ನಿಮ್ಮ ಅಮ್ಮನಿಗೆ ಹೆಸರು ಗೊತ್ತಿರಬಹುದು, ಕೇಳಿ ನೋಡಿ. ಅದರ ಒಳಗಿನ ಸೂತ್ರ ಸರಳ: ಕೆಳಗೆ ಜಾಲರಿ, ಬಾಯಿಗೆ ಬಾಗಿಲು, ಪಾತ್ರೆ ಒಲೆಯೊಳಗೆ ಇಳಿದು ಕೂರುವುದು, ಬಿಸಿ ಗಾಳಿ ಪಾತ್ರೆಯನ್ನು ಸವರಿಕೊಂಡು ಹೋಗಿ ಆಮೇಲೆ ಚಿಮಣಿ ಸೇರುವುದು. ಬಚ್ಚಲ ಹಂಡೆಗೂ ಇದೇ ಸೂತ್ರ.

ಜಾಲರಿ ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು ತನ್ನಿ, ಒಂಬತ್ತು ಇಂಚು ಉದ್ದ ಅಗಲ ಸಾಕು. ಕಬ್ಬಿಣದ ಸಳಿ ಬೆಸುಗೆ ಹಾಕಿಸಿದ್ದು ಅಗ್ಗ, ಆದರೆ ಬಗ್ಗುತ್ತದೆ. ಜಾಲರಿಯ ಕೆಳಗೆ ಬೂದಿ ಗುಂಡಿ, ಅದಕ್ಕೆ ಮುಂದಿನಿಂದ ಒಂದು ಸಣ್ಣ ಬಾಯಿ. ಗಾಳಿ ಒಳಗೆ ಬರಬೇಕಾದ ಮುಖ್ಯ ದಾರಿ ಇದು. ಕೆಳಗಿನಿಂದ ಕೆಂಡದ ಮಧ್ಯೆ ನುಗ್ಗಿ ಬಂದ ಗಾಳಿ ಬಿಸಿಯಾಗಿಯೇ ಉರಿಗೆ ಸೇರುತ್ತದೆ. ಬೂದಿ ತುಂಬಿ ಈ ದಾರಿ ಕಟ್ಟಿದರೆ ಎಲ್ಲ ವ್ಯರ್ಥ. ದಿನಾ ಬೆಳಿಗ್ಗೆ ಬೂದಿ ಎಳೆದು ತೋಟಕ್ಕೆ ಹಾಕಿ.

ಸೌದೆ ಹಾಕುವ ಬಾಯಿ ಆರಿಂಚು ಅಗಲ, ಏಳಿಂಚು ಎತ್ತರ. ಅದಕ್ಕೆ ತಗಡಿನದೋ ಬೀಡಿನದೋ ಬಾಗಿಲು. ಸೌದೆ ಹಾಕುವಾಗ ಮಾತ್ರ ತೆಗೆಯುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಷ್ಟೋ ಸುಧಾರಿತ ಒಲೆ ಸತ್ತಿದ್ದು ಈ ಬಾಯಿಯ ಕಾರಣಕ್ಕೆ. ಕೇಂದ್ರ ಸರ್ಕಾರ 1983ರಲ್ಲಿ ದೇಶದ ತುಂಬ ಸುಧಾರಿತ ಒಲೆ ಕಟ್ಟಿಸುವ ಕಾರ್ಯಕ್ರಮ ಶುರು ಮಾಡಿತು, 2002ರ ಹೊತ್ತಿಗೆ ಅದು ನಿಂತಿತು. ಕಟ್ಟಿದ ಒಲೆಗಳಲ್ಲಿ ಬಹಳಷ್ಟು ಮೂಲೆ ಸೇರಿದವು. ಒಂದು ಕಾರಣ ಚಿಮಣಿ ಕಟ್ಟಿಕೊಂಡಿದ್ದು, ಇನ್ನೊಂದು ಜನ ಬಾಯಿಯನ್ನು ಒಡೆದು ದೊಡ್ಡದು ಮಾಡಿಕೊಂಡಿದ್ದು. ಜನರದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ದೊಡ್ಡ ಬಾಯಿಗೆ ಒಂದು ಕುಂಟೆ ತುರುಕಿ ಕೊಟ್ಟಿಗೆ ಕೆಲಸಕ್ಕೆ ಹೋಗಬಹುದು. ಸಣ್ಣ ಬಾಯಿಗೆ ಸೌದೆ ಸೀಳಬೇಕು, ಹತ್ತು ನಿಮಿಷಕ್ಕೊಮ್ಮೆ ಬಂದು ಎರಡು ತುಂಡು ಹಾಕಬೇಕು. ಈ ಕೆಲಸ ಯಾರ ತಲೆಗೆ? ಉಳಿದ ಸೌದೆಯ ಲಾಭ ಒಬ್ಬರಿಗೆ, ಸೀಳುವ ಕಷ್ಟ ಇನ್ನೊಬ್ಬರಿಗೆ ಆದರೆ ಆರು ತಿಂಗಳಲ್ಲಿ ಬಾಯಿ ಮತ್ತೆ ದೊಡ್ಡದಾಗಿರುತ್ತದೆ. ಒಲೆ ಕಟ್ಟಿಸುವ ಮೊದಲು ಮನೆಯಲ್ಲಿ ಇದನ್ನು ಮಾತಾಡಿಕೊಳ್ಳಿ. ವರ್ಷಕ್ಕೊಮ್ಮೆ ಸೌದೆ ಕಡಿಯಲು ಆಳು ಕರೆಸುತ್ತೀರಲ್ಲ, ಆಗಲೇ ಮೊಣಕೈ ಉದ್ದಕ್ಕೆ ತುಂಡು ಮಾಡಿ, ಮಣಿಕಟ್ಟಿನ ದಪ್ಪಕ್ಕೆ ಸೀಳಿಸಿಬಿಡಿ. ಕೂಲಿ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಬೇಕಾಗುವ ಸೌದೆಯೇ ಅರ್ಧ ಅನ್ನುವುದನ್ನು ಮರೆಯಬೇಡಿ.

ಹಂಡೆ ಕೂರಿಸುವ ರೀತಿ. ಈಗ ಅದು ಒಲೆಯ ಮೇಲೆ ಕೂತಿದೆ, ಉರಿ ತಳಕ್ಕೆ ಮಾತ್ರ ತಾಗುತ್ತದೆ. ಅದನ್ನು ಮುಕ್ಕಾಲು ಭಾಗ ಒಲೆಯೊಳಗೆ ಇಳಿಸಿ, ಸುತ್ತ ಒಂದು ಬೆರಳು ದಪ್ಪ, ಅಂದರೆ ಎರಡು ಸೆಂಟಿಮೀಟರ್ ಸಂದು ಬಿಡಿ. ಬಿಸಿ ಗಾಳಿ ಈ ಸಂದಿನಲ್ಲಿ ಹಂಡೆಯ ಹೊಟ್ಟೆ ಸವರಿಕೊಂಡು ಮೇಲೇರಿ ಆಮೇಲೆ ಚಿಮಣಿಗೆ ಹೋಗುತ್ತದೆ. ಸಂದು ನಾಲ್ಕು ಬೆರಳಾದರೆ ಗಾಳಿ ಹಂಡೆಯನ್ನು ಮುಟ್ಟದೇ ಹೋಗುತ್ತದೆ. ಬೆರಳಿನ ಕಾಲು ಭಾಗವಾದರೆ ಮಸಿ ತುಂಬಿ ಕಟ್ಟಿಕೊಳ್ಳುತ್ತದೆ. ಚಿಮಣಿಯ ತೂತು ಒಲೆಯ ಬಾಯಿಗೆ ಎದುರು ಬದಿಯಲ್ಲಿ, ಸಂದಿನ ಮೇಲ್ಭಾಗದಲ್ಲಿ ಇರಲಿ. ಎಷ್ಟೋ ಕಡೆ ಅದನ್ನು ಬೆಂಕಿಯ ಮಟ್ಟದಲ್ಲೇ ಕೊರೆದಿರುತ್ತಾರೆ, ಉರಿ ಹಂಡೆಯ ಕಡೆ ತಿರುಗಿಯೂ ನೋಡದೆ ಹೊರಗೆ ಓಡುತ್ತದೆ. ನಿಮ್ಮದೂ ಹಾಗೇ ಇದೆ ಅಂತ ನನ್ನ ಅನುಮಾನ.

ಹಂಡೆಯ ಕುತ್ತಿಗೆಗೂ ಒಲೆಯ ಅಂಚಿಗೂ ನಡುವೆ ಸಿಮೆಂಟ್ ಹಾಕಿ ಖಾಯಂ ಮಾಡಬೇಡಿ. ಮೆತ್ತನೆ ಮಣ್ಣಿನಲ್ಲಿ ಮೆತ್ತಿ. ತಿಂಗಳಿಗೊಮ್ಮೆ ಎತ್ತಿ ಮಸಿ ತೆಗೆಯಬೇಕಾಗುತ್ತದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಹೊರಗೆ ತೆಗೆದು ತಿಕ್ಕಲಾಗದಂತೆ ಮಾಡಿದರೆ ಅಮ್ಮ ನಿಮ್ಮನ್ನೂ ನನ್ನನ್ನೂ ಬಿಡುವುದಿಲ್ಲ.

ಗೋಡೆಯ ವಿಷಯದಲ್ಲಿ ಎರಡು ಅಭಿಪ್ರಾಯ ಇವೆ, ಎರಡೂ ಸರಿ. ದಪ್ಪ ಮಣ್ಣಿನ ಒಲೆ ಬಿಸಿ ಹಿಡಿದಿಡುತ್ತದೆ ಅನ್ನುತ್ತಾರೆ. ಹೌದು. ಆದರೆ ಮೊದಲು ಅದು ಬಿಸಿಯಾಗಬೇಕಲ್ವಾ? ಒಲೆಯ ನೂರು ಕಿಲೋ ಮಣ್ಣು ಸರಾಸರಿ 50 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 4.5 ಮೆಗಾಜೌಲ್ ನುಂಗಿಬಿಡುತ್ತದೆ. ನೀರಿಗೆ ಬೇಕಾದ ಶಾಖದ ಅರ್ಧದ ಹತ್ತಿರ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಂಡೆಯಲ್ಲಿ ಬಿಸಿನೀರು ಇರಲೇಬೇಕು ಅನ್ನುವ ಮನೆಗೆ ದಪ್ಪ ಒಲೆ ಒಳ್ಳೇದು. ನಿಮ್ಮದು ಬೆಳಗಿನ ಎರಡು ಗಂಟೆಯ ಕೆಲಸ. ನಿಮಗೆ ಒಳಗಿನ ಪದರ ತೆಳುವಾಗಿ ಒಂದು ಇಟ್ಟಿಗೆ ಅಷ್ಟೇ ಇರಲಿ, ಅದರ ಹೊರಗೆ ಎರಡು ಮೂರು ಇಂಚು ಭತ್ತದ ಹೊಟ್ಟಿನ ಬೂದಿ ತುಂಬಿ, ಆಮೇಲೆ ಹೊರ ಗೋಡೆ. ಹೊಟ್ಟಿನ ಬೂದಿಯಷ್ಟು ಅಗ್ಗವಾಗಿ ಶಾಖ ತಡೆಯುವ ವಸ್ತು ಹಳ್ಳಿಯಲ್ಲಿ ಬೇರೆ ಸಿಗುವುದು ಕಷ್ಟ. ಅಕ್ಕಿ ಗಿರಣಿಯಲ್ಲಿ ಕೇಳಿ. ಅದು ಒಣಗಿಯೇ ಇರಬೇಕು. ಬಚ್ಚಲ ನೀರು ಹರಿದು ನೆನೆದರೆ ಕೆಲಸ ಕೆಟ್ಟಿತು, ಹಾಗಾಗಿ ಒಲೆಯ ಬುಡ ನೆಲಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ.

ಒಳಗೆ ಸಿಮೆಂಟ್ ಗಾರೆ ಮಾಡಿಸಬೇಡಿ. ಬೆಂಕಿಯ ಶಾಖಕ್ಕೆ ಸಿಮೆಂಟ್ ಬಿರುಕು ಬಿಟ್ಟು ಉದುರುತ್ತದೆ. ಅಂಟು ಮಣ್ಣು, ಮರಳು, ಸ್ವಲ್ಪ ಹೊಟ್ಟು ಕಲಸಿದ ಮಣ್ಣೇ ಸರಿ. ಹೊಳೆಯ ಕಲ್ಲು ಒಳಗೆ ಇಡಬೇಡಿ, ಒಳಗಿನ ತೇವ ಆವಿಯಾಗಿ ಸಿಡಿಯುವುದುಂಟು.

ಇನ್ನು ಚಿಮಣಿ. ಹಂಚಿನ ಮಾಡಿನ ತುದಿಗಿಂತ ಕೆಳಗೆ ನಿಂತಿದ್ದರೆ ಗಾಳಿ ಮಾಡಿನ ಮೇಲಿಂದ ಉರುಳಿ ಬಂದು ಹೊಗೆಯನ್ನು ಒಳಗೆ ದೂಡುತ್ತದೆ. ಮಳೆಗಾಲದ ನಿಮ್ಮ ತೊಂದರೆಗೆ ಇದೂ ಒಂದು ಕಾರಣ ಇರಬಹುದು. ತುದಿಗಿಂತ ಎರಡು ಮೂರು ಅಡಿ ಮೇಲೆ ಹೋಗಲಿ, ಮೇಲೆ ಮಳೆ ಟೋಪಿ ಇರಲಿ, ಟೋಪಿಗೂ ಪೈಪಿಗೂ ನಡುವೆ ಒಂದು ಗೇಣು ಬಿಡಿ. ಇನ್ನೊಂದು ಕಾರಣ ತಣ್ಣಗಾದ ಚಿಮಣಿ. ಒಳಗಿನ ತಣ್ಣನೆ ಗಾಳಿ ಭಾರ, ಮೊದಲ ಹೊಗೆಯನ್ನು ಮೇಲೆ ಬಿಡುವುದಿಲ್ಲ. ಚಿಮಣಿಯ ಬುಡದಲ್ಲಿ ಮಸಿ ತೆಗೆಯಲು ಒಂದು ಕಿಂಡಿ ಇಡಿಸಿ. ಒಲೆ ಹೊತ್ತಿಸುವ ಮುಂಚೆ ಆ ಕಿಂಡಿಯಲ್ಲಿ ಒಂದು ಹಿಡಿ ಒಣ ಸೋಗೆಯೋ ಪೇಪರೋ ಉರಿಸಿ ಮುಚ್ಚಿ. ಎಳೆತ ಶುರುವಾಗಿದೆಯೋ ಇಲ್ಲವೋ ಅಂತ ಒಂದು ಊದುಬತ್ತಿ ಒಲೆಯ ಬಾಯಿಗೆ ಹಿಡಿದರೆ ಗೊತ್ತಾಗುತ್ತದೆ. ಅದರ ಹೊಗೆ ಒಳಗೆ ಬಾಗಬೇಕು.

ಸಿಮೆಂಟ್ ಪೈಪು ಅಂದಿರಿ. ಅಂಥ ಹಳೇ ಪೈಪುಗಳು ಸಾಮಾನ್ಯವಾಗಿ ಆಸ್ಬೆಸ್ಟಾಸ್ ನಾರು ಬೆರೆತವು. ಇದ್ದ ಹಾಗೆ ಇದ್ದರೆ ಕೀಳಲು ಹೋಗಬೇಡಿ. ಒಣಗಿದ್ದಾಗ ಕೊಯ್ಯುವುದು, ತೂತು ಕೊರೆಯುವುದು ಮಾತ್ರ ಬೇಡ, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ಬಿರುಕು ಬಿಟ್ಟಿದ್ದರೆ ಬದಲಿಗೆ ಇಟ್ಟಿಗೆ ಚಿಮಣಿ ಅಥವಾ ಸ್ಟೀಲ್ ಪೈಪು ಹಾಕಿಸಿ. ಪಿವಿಸಿ ಪೈಪು ಹಾಕಿದ್ದನ್ನೂ ನೋಡಿದ್ದೇನೆ, ನಂಬ್ತೀರಾ? ಮಾಡು ದಾಟುವಲ್ಲಿ ರೀಪು, ಪಕಾಸಿಗಳಿಂದ, ಅಂದರೆ ಹಂಚು ಹೊತ್ತ ಮರದ ಪಟ್ಟಿಗಳಿಂದ ಪೈಪಿಗೆ ಒಂದೂವರೆ ಅಡಿ ಅಂತರ ಬೇಕು. ಅಲ್ಲಿ ರೀಪು ಕತ್ತರಿಸಿ ಸುತ್ತ ತಗಡು ಹಾಕಿಸಿ. ಕಿಟ್ಟ ಕಟ್ಟಿದ ಚಿಮಣಿಗೆ ಒಳಗೇ ಬೆಂಕಿ ಹಿಡಿಯುವುದುಂಟು, ಅದು ಹಿಡಿದರೆ ಮೊದಲು ಹೋಗುವುದು ಮಾಡು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿ ಸುತ್ತಿ ಎಳೆದು ಸ್ವಚ್ಛ ಮಾಡಿ.

ಹೊಗೆ ಹೋದರೆ ಮಾಡಿನ ಮರಕ್ಕೆ ಹುಳ ಹಿಡಿಯುತ್ತದೆ ಅಂತ ಹಿರಿಯರು ಹೇಳಬಹುದು. ಅದರಲ್ಲಿ ನಿಜ ಇದೆ. ಹೊಗೆ ತಿಂದ ಅಟ್ಟದ ಮರಕ್ಕೆ, ಬುಟ್ಟಿಗಳಿಗೆ ಕುಟ್ಟೆ ಬರುವುದು ಕಡಿಮೆ. ಅದಕ್ಕೆ ಮರಕ್ಕೆ ಗೇರೆಣ್ಣೆ ಬಳಿಯಬಹುದು. ಅಮ್ಮನ ಎದೆಗೆ ಬಳಿಯಲು ಏನೂ ಇಲ್ಲ.

ಉರಿಸುವ ವಸ್ತುವಿನ ಬಗ್ಗೆ ಸ್ವಲ್ಪ. ಸೋಗೆ ಭರ್ರಂತ ಉರಿದು ಮುಗಿಯುತ್ತದೆ, ಹೊತ್ತಿಸಲು ಮಾತ್ರ ಸರಿ. ಅಡಿಕೆ ಸಿಪ್ಪೆ ಒಟ್ಟಿದರೆ ಒಳಗೊಳಗೇ ಹೊಗೆಯಾಡುತ್ತದೆ. ಜಾಲರಿ ಇದ್ದರೆ, ಒಣಗಿದ್ದರೆ, ಒಂದೊಂದೇ ಹಿಡಿ ಹಾಕಿದರೆ ಪರವಾಗಿಲ್ಲ. ತೆಂಗಿನ ಕರಟ ಬಂಗಾರ. ಗೇರುಬೀಜದ ಸಿಪ್ಪೆ ಬೇಡ, ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರು, ಹೊತ್ತಿಸಲು ಹಾಲಿನ ಪ್ಯಾಕೆಟ್, ಇವು ಯಾವುದೂ ಬೇಡ.

ಹಂಡೆಗೆ ಮುಚ್ಚಳ ಇದೆಯಾ? ಇಲ್ಲದಿದ್ದರೆ ನಾಳೆಯೇ ಒಂದು ಮಾಡಿಸಿ. ಇದಕ್ಕೆ ಮೇಸ್ತ್ರಿಯೂ ಬೇಡ. ಅರ್ಧ ಹಂಡೆ ಕುದಿಸಿ ತಣ್ಣೀರು ಬೆರೆಸುವುದಕ್ಕಿಂತ ತುಂಬಿದ ಹಂಡೆಯನ್ನು ಕೈ ತಾಳುವುದಕ್ಕಿಂತ ಸ್ವಲ್ಪ ಮೇಲೆ ಕಾಯಿಸುವುದು ಲಾಭ. ನೀರು ಬಿಸಿಯಾದಷ್ಟೂ ಆವಿಯಾಗಿ ಹೋಗುವುದು ಜಾಸ್ತಿ.

ಬೇರೆ ದಾರಿಗಳು ಇಲ್ಲವೇ? ಇವೆ. ಪೇಟೆಯಲ್ಲಿ ಸಿಗುವ ಬಂಬು, ಅಂದರೆ ನಡುವೆ ಬೆಂಕಿ ಕೊಳವೆ ಇರುವ ತಾಮ್ರದ ಅಥವಾ ಸ್ಟೀಲಿನ ಬಾಯ್ಲರು, ಸಣ್ಣ ಸೌದೆಯಲ್ಲಿ, ಕರಟದಲ್ಲಿ ಬೇಗ ಕಾಯುತ್ತದೆ. ಜಾಗವೂ ಕಡಿಮೆ. ಆದರೆ ನೀರಿಲ್ಲದೆ ಉರಿ ಹಾಕಿದರೆ ಬೆಸುಗೆ ಬಿಟ್ಟುಹೋಗುತ್ತದೆ. ಇನ್ನೂ ದೊಡ್ಡ ಅಪಾಯ ಒತ್ತಡದ್ದು. ಆವಿ ಹೋಗುವ ದಾರಿ ಸದಾ ತೆರೆದಿರಬೇಕು, ಅದಕ್ಕೆ ನಲ್ಲಿ ಹಾಕಿ ಮುಚ್ಚಿದರೆ ಬಾಯ್ಲರು ಬಾಂಬೇ. ಮತ್ತೆ, ಅದನ್ನು ಬಚ್ಚಲೊಳಗೆ ಇಟ್ಟು ಬಾಗಿಲು ಹಾಕಬೇಡಿ, ಹೊರಗೆ ಇಟ್ಟು ಪೈಪಿನಲ್ಲಿ ನೀರು ತನ್ನಿ. ಗ್ಯಾಸ್ ಗೀಸರಿಗೂ ಇದೇ ಮಾತು.

ಕೊಟ್ಟಿಗೆ ಇದ್ದರೆ ಗೋಬರ್ ಗ್ಯಾಸ್ ಬಗ್ಗೆ ಯೋಚಿಸಿರುತ್ತೀರಿ. ದಿನಕ್ಕೆ ಐವತ್ತು ಕಿಲೋ ಸಗಣಿ ಹಾಕುವ ಎರಡು ಘನ ಮೀಟರ್ ಸ್ಥಾವರದಲ್ಲಿ ಒಂದು ಹಂಡೆಗೇ ಅರ್ಧದ ಹತ್ತಿರ ಗ್ಯಾಸ್ ಮುಗಿಯುತ್ತದೆ. ಅದು ಅಡುಗೆಮನೆಗೆ ಇರಲಿ.

ತಮ್ಮ ಹೇಳಿದ ಸೋಲಾರ್ ಬಗ್ಗೆ ನನಗೆ ತಕರಾರಿಲ್ಲ. ಎಲ್ಲ ಕಿತ್ತು ಅನ್ನುವ ಮಾತಿಗೆ ಮಾತ್ರ ತಕರಾರು. ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ, ಬಿಸಿನೀರು ಅತಿ ಬೇಕಾಗುವುದೂ ಆಗಲೇ. ಮನೆ ಸುತ್ತ ಅಡಿಕೆ ತೋಟದ ನೆರಳು ಬೇರೆ. ಅಕ್ಟೋಬರ್‌ನಿಂದ ಮೇವರೆಗೆ ಸೋಲಾರ್ ನೀರು ನೇರವಾಗಿ ಬಳಸಿ, ಮೋಡ ಇದ್ದ ದಿನ ಆ ಉಗುರುಬೆಚ್ಚಗಿನ ನೀರನ್ನೇ ಹಂಡೆಗೆ ಬಿಡಿ, ಮಳೆಗಾಲಕ್ಕೆ ಒಲೆ. ಎರಡೂ ಒಟ್ಟಿಗೆ ಇದ್ದರೆ ವರ್ಷದ ಸೌದೆಯಲ್ಲಿ ದೊಡ್ಡ ಪಾಲು ಉಳಿಯುತ್ತದೆ. ಬೆಟ್ಟದ ಸೌದೆ ನಿಮಗೆ ದುಡ್ಡಿಲ್ಲದೆ ಸಿಗುವುದಾದರೆ ಸೋಲಾರಿಗೆ ಹಾಕಿದ ಹಣ ವಾಪಸ್ ಬರಲು ತಡವಾಗುತ್ತದೆ ನಿಜ. ಆದರೆ ಕಡಿದು ತರುವ ಕೂಲಿಯನ್ನೂ ಲೆಕ್ಕ ಹಾಕಿ. ನನ್ನ ಮಾತು ಕೇಳುವುದಾದರೆ ಈ ವರ್ಷ ಒಲೆ, ಕೈಯಲ್ಲಿ ಹಣ ಇದ್ದಾಗ ಸೋಲಾರ್.

ಒಲೆಯ ಬಾಯಿ ಬಚ್ಚಲಿನ ಹೊರಗೋಡೆಯ ಕಡೆಗೆ ತಿರುಗಿಸಲು ಜಾಗ ಇದೆಯಾ ನೋಡಿ. ಬೆಂಕಿ ಹೊರಗಿನಿಂದ, ಹಂಡೆ ಒಳಗೆ. ಸ್ನಾನ ಮಾಡುವವರಿಗೂ ಬೆಂಕಿಗೂ ಸಂಬಂಧವೇ ಇರುವುದಿಲ್ಲ, ಮಗು ಕೆಂಡದ ಹತ್ತಿರ ಹೋಗುವ ಭಯವೂ ಇಲ್ಲ. ಉರಿ ಹಾಕುವವರ ತಲೆ ಮೇಲೆ ಒಂದು ಚಾಚು ಮಾಡು ಬೇಕು, ಅಷ್ಟೇ. ಇದು ಸಾಧ್ಯವಾದರೆ ಮೇಲೆ ಹೇಳಿದ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿಸಿ. ಅಮ್ಮನ ಕೆಮ್ಮಿಗೆ ಒಲೆ ಸರಿಮಾಡಿ ಕಾಯುತ್ತಾ ಕೂರಬೇಡಿ, ಡಾಕ್ಟರಿಗೆ ಈಗಲೇ ತೋರಿಸಿ, ಹೊಗೆಯ ವಿಷಯವನ್ನೂ ಹೇಳಿ.

ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ, ಮಳೆಗೆ ಕನಿಷ್ಠ ಎರಡು ತಿಂಗಳು ಇರುವಾಗ ಹಿಡಿಯಿರಿ. ಹೊಸ ಮಣ್ಣು ಎರಡು ವಾರವಾದರೂ ನೆರಳಲ್ಲಿ ಒಣಗಬೇಕು. ಮೊದಲ ಮೂರು ನಾಲ್ಕು ದಿನ ಹಂಡೆಯಲ್ಲಿ ನೀರು ತುಂಬಿಟ್ಟು ಸಣ್ಣ ಉರಿ ಮಾತ್ರ ಹಾಕಿ, ಬಂದ ಬಿರುಕುಗಳಿಗೆ ಅದೇ ಮಣ್ಣು ಮೆತ್ತಿ. ಆಮೇಲೆ ಪೂರ್ತಿ ಉರಿ ಹಾಕಿ, ಮೊದಲಿನ ಹಾಗೇ ಸೌದೆ ತೂಕ ಮಾಡಿ. ನಾಲ್ಕು ಕಿಲೋಗಿಂತ ಜಾಸ್ತಿ ಬಂದರೆ ಹಂಡೆಯ ಸುತ್ತಲಿನ ಸಂದನ್ನೂ ಚಿಮಣಿ ತೂತಿನ ಎತ್ತರವನ್ನೂ ಅಳೆದು ನನಗೆ ಬರೆಯಿರಿ.